ಸೋಪನ್ನು ಒರೆಗೆ ಹಚ್ಚಿದವರು

ಕನ್ನಡದಲ್ಲಿ ವಿಮರ್ಶೆ ಎಂದಕೂಡಲೇ ಕಣ್ಣಮುಂದೆ ಬರುವುದು ಕವಿತೆ, ಕಾದಂಬರಿ, ಹೆಚ್ಚೆಂದರೆ ಒಂದು ಸಿನಿಮಾ. ಸೋಪಿನ ವಿಮರ್ಶೆ, ಕಾಲುಚೀಲದ ವಿಮರ್ಶೆ, ಜೀವವಿಮಾ ಪಾಲಿಸಿಯ ವಿಮರ್ಶೆ ಎಂದರೆ ತುಟಿಯಂಚಿನಲ್ಲಿ ಸಣ್ಣ ನಗು ಬರುತ್ತದೆ. ಆದರೆ ಇಂಥ ವಿಮರ್ಶೆಗೆಂದೇ ಪತ್ರಿಕೆ ಶುರುಮಾಡಿದವರ ಕಥೆಯ ಬೆನ್ನುಹತ್ತಿ ಹೋದ ಮೇಲೆ ನನಗನ್ನಿಸಿದ್ದು, ನಮ್ಮ ಸಾಹಿತ್ಯ ವಿಮರ್ಶಕರಿಗಿಂತ ಇವರು ಪಟ್ಟ ಪಾಡು ದೊಡ್ಡದು. ಕೆಟ್ಟ ಕವಿತೆಯನ್ನು ಕೆಟ್ಟದ್ದೆಂದು ಬರೆದರೆ ಕವಿ ಮುನಿಸಿಕೊಂಡಾನು, ಮುಂದಿನ ಗೋಷ್ಠಿಯಲ್ಲಿ ಮುಖ ತಿರುಗಿಸಿಯಾನು. ಕೆಟ್ಟ ಸೋಪನ್ನು ಕೆಟ್ಟದ್ದೆಂದು ಬರೆದವರ ಹೆಸರು ದೇಶವಿರೋಧಿಗಳ ಪಟ್ಟಿಗೆ ಸೇರಿದ್ದುಂಟು.

ಸಂತೆಯಲ್ಲಿ ಇಂಥ ವಿಮರ್ಶಕರ ಅಗತ್ಯ ಅಷ್ಟಾಗಿ ಬೀಳುತ್ತಿರಲಿಲ್ಲ. ಅಕ್ಕಿ ಕೊಳ್ಳುವವರು ಮೂಟೆಯೊಳಗೆ ಕೈಹಾಕಿ ನಾಲ್ಕು ಕಾಳು ಕಡಿದು ನೋಡುತ್ತಿದ್ದರು. ತುಪ್ಪವನ್ನು ಮುಂಗೈಗೆ ಸವರಿ ಮೂಸುತ್ತಿದ್ದರು. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಚಿನ್ನಕ್ಕೆ ಒರೆಗಲ್ಲು ಇತ್ತು. ಆಗಲೂ ಮೋಸ ಇತ್ತು, ಆದರೆ ಮೋಸ ಮಾಡಿದವನು ಮುಂದಿನ ವಾರ ಅದೇ ಮರದ ಕೆಳಗೆ, ಅದೇ ಜನರ ಎದುರು ಕೂರಬೇಕಿತ್ತು. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಅಮೆರಿಕದಲ್ಲಿ ಸರಕು ಪೊಟ್ಟಣದೊಳಗೆ ಹೋಗಿ ಕೂತಿತು. ಮಾಡಿದವನು ಸಾವಿರ ಮೈಲಿ ಆಚೆ, ಮಾರುವವನಿಗೆ ಒಳಗೇನಿದೆಯೆಂದು ತಿಳಿಯದು, ಕೊಳ್ಳುವವರಿಗೆ ಕಾಣುವುದು ಪೊಟ್ಟಣದ ಮೇಲಿನ ಚಿತ್ರ ಮತ್ತು ಪತ್ರಿಕೆಯ ಜಾಹೀರಾತು. ನೀರೊಳಗಿನ ಎಮ್ಮೆಗೆ ವ್ಯಾಪಾರ ಕುದುರಿಸುವುದು ಎನ್ನುತ್ತೇವಲ್ಲ, ಒಂದು ಇಡೀ ದೇಶ ದಿನನಿತ್ಯ ಹಾಗೆ ವ್ಯಾಪಾರ ಮಾಡತೊಡಗಿತು.

1927ರಲ್ಲಿ ಇದನ್ನು ಗಟ್ಟಿಯಾಗಿ ಹೇಳಿದವರು ಇಬ್ಬರು. ಸ್ಟುವರ್ಟ್ ಚೇಸ್ ಲೆಕ್ಕಪತ್ರ ಬಲ್ಲ ಅರ್ಥಶಾಸ್ತ್ರದ ಬರಹಗಾರ. ಫ್ರೆಡರಿಕ್ ಜಾನ್ ಶ್ಲಿಂಕ್ ಎಂಜಿನಿಯರ್; ಅಮೆರಿಕ ಸರ್ಕಾರದ ಮಾನಕ ಸಂಸ್ಥೆಯಾದ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ತೂಕ, ಅಳತೆಗಳ ಕೆಲಸ ಮಾಡಿ ಬಂದವನು. ಇವರು ಕೂಡಿ ಬರೆದ ‘ಯುವರ್ ಮನೀಸ್ ವರ್ತ್’ ಎಂಬ ಪುಸ್ತಕದಲ್ಲಿ ಕೊಳ್ಳುವವರನ್ನು ವಿಚಿತ್ರ ಲೋಕಕ್ಕೆ ಬಿದ್ದ ಆಲಿಸ್‌ಗೆ ಹೋಲಿಸಿದರು. ಆದರೆ ಪುಸ್ತಕದ ನಿಜವಾದ ಚುಚ್ಚುಮೊನೆ ಬೇರೆ ಕಡೆ ಇತ್ತು. ಸರ್ಕಾರ ತನ್ನ ಕಚೇರಿಗಳಿಗೆ ವಿದ್ಯುತ್ ಬಲ್ಬು, ಸೋಪು, ಬಣ್ಣ ಕೊಳ್ಳುವಾಗ ಈ ಬ್ಯೂರೋದಲ್ಲಿ ಪರೀಕ್ಷೆ ಮಾಡಿಸಿ, ಯಾವುದು ಒಳ್ಳೆಯದು ಎಂದು ತಿಳಿದೇ ಕೊಳ್ಳುತ್ತದೆ. ಪರೀಕ್ಷೆಯ ಖರ್ಚು ಜನರ ತೆರಿಗೆಯದ್ದು. ಫಲಿತಾಂಶವನ್ನು ಮಾತ್ರ ಜನರಿಗೆ ಹೇಳುವುದಿಲ್ಲ. ಹೇಳಿದರೆ ಉದ್ಯಮಗಳಿಗೆ ನಷ್ಟ. ಈ ಒಂದು ಸಂಗತಿ ಓದುಗರನ್ನು ಎಷ್ಟು ಕೆರಳಿಸಿತೆಂದರೆ ಹಾಗಾದರೆ ನಮಗೆ ಯಾರು ಹೇಳುತ್ತಾರೆ ಎಂದು ಕೇಳುವ ಪತ್ರಗಳು ಬಂದು ರಾಶಿಬಿದ್ದವು.

ಶ್ಲಿಂಕ್ ಅಷ್ಟರಲ್ಲಿ ನ್ಯೂಯಾರ್ಕಿನ ಹತ್ತಿರದ ವೈಟ್ ಪ್ಲೇನ್ಸ್ ಎಂಬ ಊರಿನಲ್ಲಿ ನೆರೆಹೊರೆಯವರದೊಂದು ಸಣ್ಣ ಕೂಟ ಮಾಡಿಕೊಂಡಿದ್ದ. ಅವರ ಕೆಲಸ ಒಂದು ಪಟ್ಟಿ ತಯಾರಿಸುವುದು. ಒಂದು ಕಡೆ ಕೊಟ್ಟ ಕಾಸಿಗೆ ತಕ್ಕ ವಸ್ತುಗಳು, ಇನ್ನೊಂದು ಕಡೆ ದೂರ ಇಡಬೇಕಾದವು. ನಮ್ಮಲ್ಲಿ ಒಂದು ಕಾಲಕ್ಕೆ ಸೈಕ್ಲೋಸ್ಟೈಲ್ ಮಾಡಿ ಹಂಚುತ್ತಿದ್ದ ಕರಪತ್ರಗಳಿದ್ದವಲ್ಲ, ಆ ಜಾತಿಯ ಹಾಳೆಗಳು. ಪತ್ರಗಳ ರಾಶಿ ಕಂಡ ಮೇಲೆ 1929ರಲ್ಲಿ ಆ ಕೂಟವೇ ‘ಕನ್ಸ್ಯೂಮರ್ಸ್ ರಿಸರ್ಚ್’ ಎಂಬ ಸಂಸ್ಥೆಯಾಯಿತು. ಜಾಹೀರಾತು ಇಲ್ಲ, ಕಂಪನಿಗಳ ದೇಣಿಗೆ ಇಲ್ಲ, ಚಂದಾದಾರರ ಹಣವೇ ಬಂಡವಾಳ. ಕೆಲವೇ ವರ್ಷಗಳಲ್ಲಿ ಚಂದಾದಾರರ ಸಂಖ್ಯೆ 40,000 ದಾಟಿತು.

ಈ ಮೊದಲ ದಿನಗಳ ಒಂದು ವಿವರ ನನಗೆ ಬಹಳ ಇಷ್ಟ. ಹೆಸರು ಹಿಡಿದು ಬರೆದ ಆ ಪಟ್ಟಿಗಳು ಗೋಪ್ಯವಾಗಿದ್ದವು. ಒಳಗಿರುವುದನ್ನು ಹೊರಗಿನವರಿಗೆ ತೋರಿಸುವುದಿಲ್ಲ ಎಂದು ಚಂದಾದಾರ ಸಹಿಮಾಡಿ ಕೊಡಬೇಕಿತ್ತು. ಕಂಪನಿಗಳು ಮಾನನಷ್ಟದ ಮೊಕದ್ದಮೆ ಹೂಡಿದರೆ ಸಂಸ್ಥೆ ಒಂದೇ ಏಟಿಗೆ ಮುಳುಗಿಹೋಗುತ್ತದೆ ಎಂಬ ಭಯ. ಹಲ್ಲುಜ್ಜುವ ಪೇಸ್ಟು ಹೇಗಿದೆ ಎಂಬುದನ್ನು ಗುಪ್ತವಿದ್ಯೆಯ ಹಾಗೆ ಓದಿ, ಪಕ್ಕದ ಮನೆಯಾಕೆ ಬಂದರೆ ಮಡಿಚಿಡುವುದನ್ನು ಊಹಿಸಿಕೊಳ್ಳಿ. ಕಂಪನಿ ತನ್ನ ಸರಕನ್ನು ಹೊಗಳಿ ರಸ್ತೆಯುದ್ದಕ್ಕೂ ಫಲಕ ನಿಲ್ಲಿಸಬಹುದು, ಕೊಂಡವರು ಅದರ ಬಗ್ಗೆ ಪಿಸುಗುಟ್ಟಬೇಕು.

1933ರಲ್ಲಿ ಶ್ಲಿಂಕ್ ತನ್ನ ಸಹೋದ್ಯೋಗಿ ಆರ್ಥರ್ ಕ್ಯಾಲೆಟ್ ಜೊತೆ ಇನ್ನೊಂದು ಪುಸ್ತಕ ತಂದ. ಅದರ ಹೆಸರನ್ನು ಕನ್ನಡದಲ್ಲಿ ಹತ್ತು ಕೋಟಿ ಗಿನಿಯಿಲಿಗಳು ಎನ್ನಬಹುದು. ಆಹಾರ, ಔಷಧ, ಸೌಂದರ್ಯವರ್ಧಕಗಳಲ್ಲಿ ಇರುವ ವಿಷಗಳನ್ನು ಇಡೀ ಅಮೆರಿಕದ ಜನರ ಮೇಲೆ ಪ್ರಯೋಗಿಸಲಾಗುತ್ತಿದೆ ಎಂಬುದು ಅದರ ವಾದ. ಪುಸ್ತಕ ಬಿಸಿದೋಸೆಯಂತೆ ಖರ್ಚಾಯಿತು. ಅದೇ ವರ್ಷ ಸಂಸ್ಥೆ ನ್ಯೂಜೆರ್ಸಿ ರಾಜ್ಯದ ವಾಷಿಂಗ್ಟನ್ ಎಂಬ ಪುಟ್ಟ ಊರಿಗೆ ಹೋಗಿ ನೆಲೆಸಿತು. ಇಲ್ಲಿಯವರೆಗಿನದು ಗೆಲುವಿನ ಕಥೆ. ಮುಂದಿನದು ಹಾಗಿಲ್ಲ.

ಅದು ಅಮೆರಿಕದ ಮಹಾ ಆರ್ಥಿಕ ಕುಸಿತದ ಕಾಲ. ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದವರ ಸಂಬಳ ಕಡಿಮೆ, ಕೆಲಸದ ಭದ್ರತೆ ಇಲ್ಲ. 1935ರ ಬೇಸಿಗೆಯಲ್ಲಿ ಅವರು ಕಾರ್ಮಿಕ ಸಂಘ ಕಟ್ಟಿಕೊಂಡರು. ಆಡಳಿತ ಸಂಘದ ಮುಂದಾಳು ಸೇರಿ ಮೂವರನ್ನು ಕೆಲಸದಿಂದ ತೆಗೆಯಿತು. ಸೆಪ್ಟೆಂಬರಿನಲ್ಲಿ ಸುಮಾರು 40 ಮಂದಿ ಮುಷ್ಕರ ಹೂಡಿದರು. ದೇಶದ ಕಂಪನಿಗಳ ಬಂಡವಾಳ ಬಯಲು ಮಾಡುತ್ತಿದ್ದ ಶ್ಲಿಂಕ್ ಆಗ ಏನು ಮಾಡಿದ? ಆ ಕಂಪನಿಗಳು ಏನು ಮಾಡುತ್ತಿದ್ದವೋ ಅದನ್ನೇ. ಮುಷ್ಕರ ಮುರಿಯಲು ಹೊರಗಿನವರನ್ನು ಕರೆತಂದ. ಬಂದೂಕು ಹಿಡಿದ ಕಾವಲುಗಾರರನ್ನು ನಿಲ್ಲಿಸಿದ. ಇದೆಲ್ಲ ಕಮ್ಯುನಿಸ್ಟರ ಪಿತೂರಿ ಎಂದ. ದೇವತಾಶಾಸ್ತ್ರಜ್ಞ ರೈನ್‌ಹೋಲ್ಡ್ ನೀಬೂರ್ ಅವರ ನೇತೃತ್ವದಲ್ಲಿ ಕೆಲವು ಗಣ್ಯರು ರಾಜಿ ಮಾಡಿಸಲು ಬಂದರೂ ಪ್ರಯೋಜನವಾಗಲಿಲ್ಲ.

ಶ್ಲಿಂಕ್‌ನನ್ನು ಖಳನಾಯಕನನ್ನಾಗಿ ನೋಡಲು ನನಗೆ ಮನಸ್ಸು ಬರುವುದಿಲ್ಲ. ಅವನದು ಎಂಜಿನಿಯರಿನ ಕಣ್ಣು. ಬಲ್ಬು ಎಷ್ಟು ಗಂಟೆ ಉರಿಯಿತು, ಸೋಪಿನಲ್ಲಿ ಎಷ್ಟು ಪಾಲು ನೀರು ಎಂಬುದಷ್ಟೇ ಅವನಿಗೆ ಸತ್ಯ. ಅದನ್ನು ಮಾಡಿದ ಕೈಗಳಿಗೆ ಎಷ್ಟು ಕೂಲಿ ಸಿಕ್ಕಿತು ಎಂಬುದು ತಕ್ಕಡಿಯಲ್ಲಿ ತೂಗುವ ವಿಷಯ ಅಲ್ಲ ಎಂದು ಅವನು ನಂಬಿದ್ದ. ಮುಷ್ಕರ ಹೂಡಿದವರ ನಂಬಿಕೆ ಬೇರೆ. ಕೊಳ್ಳುವವರೂ ದುಡಿಯುವವರೂ ಎರಡು ಜಾತಿಯ ಜನ ಅಲ್ಲವಲ್ಲ. ಬೆಳಿಗ್ಗೆ ಗಿರಣಿಯಲ್ಲಿ ನೂಲುವವಳೇ ಸಂಜೆ ಅಂಗಡಿಯಲ್ಲಿ ಕಾಲುಚೀಲ ಕೊಳ್ಳುವವಳು. ನಮ್ಮ ಸಾಹಿತ್ಯದಲ್ಲಿ ಕೃತಿನಿಷ್ಠ ವಿಮರ್ಶೆಯವರಿಗೂ ಕೃತಿಯ ಹಿಂದಿನ ಸಮಾಜ ನೋಡಬೇಕೆನ್ನುವವರಿಗೂ ನಡೆದ ಜಗಳ ನೆನಪಾಗುತ್ತದೆ. ಅಲ್ಲಿ ಅದು ಸೋಪು ಪರೀಕ್ಷಿಸುವ ಸಂಸ್ಥೆಯ ಎದುರು ನಡೆಯಿತು, ಕೆಲವರ ಹೊಟ್ಟೆಪಾಡು ಅದರ ಮೇಲೆ ನಿಂತಿತ್ತು.

ಕ್ಯಾಲೆಟ್ ಮುಷ್ಕರ ಮಾಡಿದವರ ಪಕ್ಕ ನಿಂತ. 1936ರ ಆರಂಭದಲ್ಲಿ ಅವರೆಲ್ಲ ನ್ಯೂಯಾರ್ಕಿಗೆ ಹೋಗಿ ‘ಕನ್ಸ್ಯೂಮರ್ಸ್ ಯೂನಿಯನ್’ ಕಟ್ಟಿದರು. ಆ್ಯಮ್‌ಹರ್ಸ್ಟ್ ಕಾಲೇಜಿನ ಅರ್ಥಶಾಸ್ತ್ರ ಪ್ರಾಧ್ಯಾಪಕ ಕೋಲ್ಸ್ಟನ್ ವಾರ್ನ್ ಅಧ್ಯಕ್ಷರಾದರು. ಮುಂದೆ ನಾಲ್ಕು ದಶಕ ಅವರೇ ಆ ಸ್ಥಾನದಲ್ಲಿದ್ದರು. ಮೇ ತಿಂಗಳಲ್ಲಿ ಮೊದಲ ಸಂಚಿಕೆ ಬಂತು, ಓದುಗರು ಸುಮಾರು 4,000 ಮಂದಿ. ಕೈಯಲ್ಲಿ ಕಾಸಿಲ್ಲದ್ದರಿಂದ ಕಾರು, ಫ್ರಿಜ್ಜು ಕೊಂಡು ಪರೀಕ್ಷಿಸುವ ಮಾತೇ ಇರಲಿಲ್ಲ. ಪರೀಕ್ಷೆಗೆ ಆರಿಸಿದ್ದು ಹಾಲು, ಬೆಳಗಿನ ತಿಂಡಿಯ ಧಾನ್ಯ, ಸೋಪು, ಹೆಂಗಸರ ಕಾಲುಚೀಲ. ಅಂಗಡಿಗೆ ಹೋಗಿ ಎಲ್ಲರಂತೆ ದುಡ್ಡು ಕೊಟ್ಟು ತರುವುದು, ಕಂಪನಿ ಕಳಿಸಿದ ಮಾದರಿಯನ್ನು ಮುಟ್ಟದಿರುವುದು ಅವರ ನಿಯಮ. ಬಡವರಿಗೆಂದು ವರ್ಷಕ್ಕೆ ಒಂದು ಡಾಲರಿನ ಸಣ್ಣ ಆವೃತ್ತಿಯನ್ನೂ ತಂದರು. ಅದರಲ್ಲಿ ದುಬಾರಿ ಸರಕುಗಳ ಸುದ್ದಿ ಇರುತ್ತಿರಲಿಲ್ಲ.

ಮತ್ತು ಸರಕಿನ ಗುಣದ ಜೊತೆಗೆ ಅದನ್ನು ಮಾಡಿದ ಕಾರ್ಖಾನೆಯಲ್ಲಿ ಕೂಲಿ ಹೇಗಿದೆ, ಸಂಘಕ್ಕೆ ಅವಕಾಶ ಇದೆಯೇ ಎಂಬುದನ್ನೂ ಬರೆದರು. ನನ್ನ ಮಟ್ಟಿಗೆ ಇಡೀ ಚರಿತ್ರೆಯಲ್ಲಿ ಇದೇ ಎಲ್ಲಕ್ಕಿಂತ ಧೈರ್ಯದ ಕೆಲಸ. ಆದರೆ ಅದು ಬಾಳಲಿಲ್ಲ. ಓದುಗರಲ್ಲಿ ಹೆಚ್ಚಿನವರು ಮಧ್ಯಮವರ್ಗದವರು, ಅವರಿಗೆ ಬೇಕಾಗಿದ್ದು ಯಾವ ಸೋಪು ಎಂಬ ಉತ್ತರ. ಹೊರಗಿನ ಒತ್ತಡವೂ ಕಡಿಮೆ ಇರಲಿಲ್ಲ. ನ್ಯೂಯಾರ್ಕ್ ಟೈಮ್ಸ್ ಸೇರಿ ಹಲವು ಪತ್ರಿಕೆಗಳು ಇವರ ಚಂದಾ ಜಾಹೀರಾತನ್ನು ದುಡ್ಡು ಕೊಟ್ಟರೂ ಹಾಕಲು ಒಪ್ಪಲಿಲ್ಲ. ಹಳೆಯ ಸಂಸ್ಥೆಯಲ್ಲಿ ಶ್ಲಿಂಕ್‌ನ ಬಲಗೈಯಾಗಿದ್ದ ಜೆ. ಬಿ. ಮ್ಯಾಥ್ಯೂಸ್ ಎಂಬಾತ ಅಷ್ಟರಲ್ಲಿ ಅಮೆರಿಕನ್ ಸಂಸತ್ತಿನ ಡೈಸ್ ಸಮಿತಿ ಸೇರಿಕೊಂಡಿದ್ದ. ದೇಶವಿರೋಧಿ ಚಟುವಟಿಕೆ ಹುಡುಕುವುದು ಆ ಸಮಿತಿಯ ಕೆಲಸ. 1939ರಲ್ಲಿ ಅವನು ಬರೆದ ವರದಿಯಲ್ಲಿ ಕನ್ಸ್ಯೂಮರ್ಸ್ ಯೂನಿಯನ್ ಕಮ್ಯುನಿಸ್ಟರ ಮುಖವಾಡ ಎಂಬ ಆರೋಪ ಬಂತು, ಆ ಕಲೆ ಒರೆಸಿಕೊಳ್ಳಲು 1950ರ ದಶಕದವರೆಗೆ ಕಾಯಬೇಕಾಯಿತು. ಕಾರ್ಖಾನೆಗಳ ಸುದ್ದಿ 1940ರ ದಶಕದಲ್ಲಿ ತೆಳುವಾಗುತ್ತಾ ಹೋಗಿ ಮರೆಯಾಯಿತು. ಪತ್ರಿಕೆಯ ಹೆಸರೂ ‘ಕನ್ಸ್ಯೂಮರ್ ರಿಪೋರ್ಟ್ಸ್’ ಎಂದಾಯಿತು. ಯೂನಿಯನ್ ಎಂಬ ಪದ ಮುಖಪುಟದಿಂದ ಇಳಿಯಿತು. ಬೆಳೆಯಲು ತೆತ್ತ ಬೆಲೆ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ಬಟ್ಟೆಯ ನೂಲು ಎಣಿಸುವ ವಿಮರ್ಶಕ ಹೊಲಿದ ಕೈಯನ್ನು ನೋಡುವುದು ಬಿಟ್ಟಲ್ಲಿ ಏನೋ ಕಳೆದುಹೋಯಿತು.

ಪೂರ್ತಿ ಕಳೆದುಹೋಯಿತೇ? ಹಾಗೆನ್ನಲೂ ಆಗದು. ಮೊದಲ ಸಂಚಿಕೆಯಲ್ಲಿ ಎ ದರ್ಜೆಯ ಹಾಲು, ಬಿ ದರ್ಜೆಯ ಹಾಲು ಎಂದು ತೂಗಿದ್ದ ಪತ್ರಿಕೆ 1959ರ ಮಾರ್ಚಿನಲ್ಲಿ ಮತ್ತೆ ಹಾಲಿನ ಮೇಲೆ ಬರೆಯಿತು. ಈ ಸಲ ಸುಮಾರು 50 ಊರುಗಳಿಂದ ಹಾಲು ತರಿಸಿ ಹುಡುಕಿದ್ದು ಸ್ಟ್ರಾನ್ಷಿಯಂ-90 ಎಂಬ ವಿಕಿರಣ ಧಾತುವನ್ನು. ಅಣುಬಾಂಬು ಪರೀಕ್ಷೆಗಳ ದೂಳು ಹುಲ್ಲಿನ ಮೇಲೆ ಬಿದ್ದು, ಹಸುವಿನ ಹೊಟ್ಟೆ ಸೇರಿ, ಮಕ್ಕಳ ಲೋಟಕ್ಕೆ ಬರುತ್ತಿತ್ತು. ಇಲ್ಲಿ ಯಾವ ಬ್ರಾಂಡ್ ಒಳ್ಳೆಯದು ಎಂದು ಹೇಳುವಂತಿರಲಿಲ್ಲ. ಸರಕಿನ ವಿಮರ್ಶೆ ಮಾಡಲು ಹೊರಟವರು ಸರ್ಕಾರಗಳ ಬಾಂಬಿನ ವಿಮರ್ಶೆಗೆ ಬಂದು ನಿಂತಿದ್ದರು.

ಇನ್ನೊಂದು ದಾರಿಯೂ ಇತ್ತು, ಅದು ಹೆಚ್ಚು ನುಣುಪು. ಡಂಕನ್ ಹೈನ್ಸ್ ಎಂಬ ಅಮೆರಿಕನ್ ಊರೂರು ಅಲೆಯುವ ಮಾರಾಟಗಾರ. ಎಲ್ಲಿ ಶುಚಿಯಾದ ಊಟ ಸಿಗುತ್ತದೆ ಎಂದು ಗುರುತು ಹಾಕಿಕೊಳ್ಳುವುದು ಅವನ ಹವ್ಯಾಸ. 1935ರ ಕ್ರಿಸ್‌ಮಸ್‌ಗೆ 167 ಊಟದ ಮನೆಗಳ ಪಟ್ಟಿ ಮಾಡಿ ಶುಭಾಶಯದ ಜೊತೆ ಗೆಳೆಯರಿಗೆ ಕಳಿಸಿದ. ಮರುವರ್ಷ ಅದು ಪುಸ್ತಕವಾಯಿತು. ಹೈನ್ಸ್ ಹೋಟೆಲುಗಳಿಂದ ಜಾಹೀರಾತು ತೆಗೆದುಕೊಳ್ಳಲಿಲ್ಲ, ಉಂಡದ್ದಕ್ಕೆ ತಾನೇ ದುಡ್ಡು ಕೊಟ್ಟ, ಜನ ಅವನನ್ನು ಕಣ್ಣುಮುಚ್ಚಿ ನಂಬಿದರು. ಆ ನಂಬಿಕೆಗೆ ಬೆಲೆ ಇದೆ ಎಂದು ಗೊತ್ತಾಗಲು ತಡವಾಗಲಿಲ್ಲ. ಅವನ ಮೆಚ್ಚುಗೆಯ ಫಲಕವನ್ನು ಹೋಟೆಲುಗಳು ಬಾಡಿಗೆಗೆ ಪಡೆದು ತೂಗುಹಾಕಿದವು. 1949ರ ನಂತರ ಅವನ ಹೆಸರನ್ನೇ ಆಹಾರದ ಪೊಟ್ಟಣಗಳ ಮೇಲೆ ಅಚ್ಚು ಹಾಕಲಾಯಿತು. ಇವತ್ತು ಅಮೆರಿಕದ ಅಂಗಡಿಯಲ್ಲಿ ಡಂಕನ್ ಹೈನ್ಸ್ ಎಂದರೆ ಕೇಕಿನ ಹಿಟ್ಟು. ವಿಮರ್ಶಕನೇ ಸರಕಾದ ಕಥೆ ಇದಕ್ಕಿಂತ ಸ್ಪಷ್ಟವಾಗಿ ಇನ್ನೆಲ್ಲೂ ಸಿಗದು. ಫ್ರಾನ್ಸಿನ ಮಿಶೆಲಿನ್ ಕಂಪನಿಯದು ಇದರ ತಿರುವುಮುರುವು: 1900ರಲ್ಲಿ ಟೈರು ಮಾರುವವರೇ ಪುಕ್ಕಟೆ ಕೈಪಿಡಿ ಹಂಚಿದರು. ಜನ ಊಟ ಹುಡುಕಿಕೊಂಡು ಓಡಾಡಿದಷ್ಟೂ ಟೈರು ಸವೆಯುತ್ತದೆ ಎಂಬ ಲೆಕ್ಕ.

ನಗುವ ಮೊದಲು ನಮ್ಮ ಪುಸ್ತಕಲೋಕದ ಗೌರವಪ್ರತಿಯನ್ನು ನೆನೆಯೋಣ. ಲೇಖಕರು ಸಹಿ ಮಾಡಿ ಕಳಿಸಿದ ಪ್ರತಿಯನ್ನು ಓದಿ ಅದು ಸಾಧಾರಣ ಎಂದು ಬರೆಯಲು ಎಷ್ಟು ಜನಕ್ಕೆ ಕೈ ಬರುತ್ತದೆ? ಪುಸ್ತಕ ಪುಕ್ಕಟೆ ಬಂದಾಗ ಮಾತೂ ಸ್ವಲ್ಪ ಮೆತ್ತಗಾಗುತ್ತದೆ. ಭಾರತದಲ್ಲಿ 2022ರ ನವೆಂಬರಿನಲ್ಲಿ ಅಂತರ್ಜಾಲದ ಗ್ರಾಹಕ ವಿಮರ್ಶೆಗಳಿಗೆ ಐಎಸ್ 19000 ಎಂಬ ಮಾನಕ ಬಂತು. ಮರುವರ್ಷದ ಜನವರಿಯಲ್ಲಿ ಕೇಂದ್ರ ಸರ್ಕಾರ, ಹಣ ಅಥವಾ ಉಡುಗೊರೆ ಪಡೆದು ವಸ್ತುಗಳನ್ನು ಹೊಗಳುವವರು ಅದನ್ನು ಬಾಯಿಬಿಟ್ಟು ಹೇಳಬೇಕು ಎಂಬ ಮಾರ್ಗಸೂಚಿ ತಂದಿತು. ವೈಟ್ ಪ್ಲೇನ್ಸ್‌ನ ನೆರೆಹೊರೆಯವರು ತಮಗೆ ತಾವೇ ಹಾಕಿಕೊಂಡ ಕಟ್ಟಳೆಯ ಹತ್ತಿರಕ್ಕೆ ಕಾನೂನು ಬರಲು ಸುಮಾರು ನೂರು ವರ್ಷ ಹಿಡಿದಿದೆ.

ಇಂಗ್ಲೆಂಡಿನಲ್ಲಿ ಇದೇ ಬಗೆಯ ಪತ್ರಿಕೆ ಹೊರಟದ್ದು 1957ರ ಅಕ್ಟೋಬರಿನಲ್ಲಿ, ಲಂಡನ್ನಿನ ಬಡವರ ಬಡಾವಣೆ ಬೆತ್ನಲ್ ಗ್ರೀನ್‌ನ ಒಂದು ಹಳೆಯ ಗ್ಯಾರೇಜಿನಿಂದ. ಹೆಸರು ‘ವಿಚ್?’, ಅಂದರೆ ಯಾವುದು ಎಂಬ ಪ್ರಶ್ನೆ. ಅದನ್ನು ತಂದವರಲ್ಲಿ ಮುಖ್ಯನಾದ ಮೈಕಲ್ ಯಂಗ್ ಸಮಾಜಶಾಸ್ತ್ರಜ್ಞ. ಅದೇ ವರ್ಷ ಅದೇ ಬಡಾವಣೆಯ ಕುಟುಂಬಗಳ ಬದುಕಿನ ಬಗ್ಗೆ ಅವನ ಪ್ರಸಿದ್ಧ ಪುಸ್ತಕವೂ ಬಂದಿತ್ತು. ಮೊದಲ ಸಂಚಿಕೆಯಲ್ಲಿ ನೀರು ಕಾಯಿಸುವ ವಿದ್ಯುತ್ ಕೆಟಲ್, ಆಸ್ಪಿರಿನ್, ತಂಪು ಕನ್ನಡಕ. ಬ್ರಿಟನ್ನಿನ ಮಾನನಷ್ಟ ಕಾನೂನು ಇನ್ನೂ ಕಠಿಣ, ವಕೀಲರು ಬೇಡವೆಂದರೂ ಇವರು ಹೆಸರು ಹಿಡಿದೇ ಬರೆದರು, ಆಕಾಶ ಕಳಚಿ ಬೀಳಲಿಲ್ಲ. ಅಮೆರಿಕದ ವಾರ್ನ್ ಅವರ ಸಂಸ್ಥೆ ಈ ಹೊಸಬರಿಗೆ ಹಣದ ನೆರವು ಕೊಟ್ಟಿತು.

ನಮ್ಮಲ್ಲಿ 1966ರಲ್ಲಿ ಮುಂಬಯಿಯ ಒಂಬತ್ತು ಮಹಿಳೆಯರು ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಕಟ್ಟಿದರು. ಅವರ ಪತ್ರಿಕೆ ‘ಕೀಮತ್’. ನಂತರದ ದಶಕಗಳಲ್ಲಿ ಕಲಬೆರಕೆಯ ಪರೀಕ್ಷೆ ಅಲ್ಲಲ್ಲಿ ನಡೆಯುತ್ತಾ ಬಂತು. 2003ರ ಆಗಸ್ಟಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 12 ಬ್ರಾಂಡಿನ ತಂಪು ಪಾನೀಯಗಳಲ್ಲಿ ಕೀಟನಾಶಕ ಸಿಕ್ಕಿತೆಂದು ಹೇಳಿದಾಗ, ಸರ್ಕಾರ ಮರುಪರೀಕ್ಷೆಗೆ ಸೀಸೆಗಳನ್ನು ಕಳಿಸಿದ ಎರಡು ಕಡೆಗಳಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐ ಒಂದು. ಮರುವರ್ಷ ಸಂಸತ್ತಿನ ಜಂಟಿ ಸಮಿತಿ ಆ ಕೇಂದ್ರ ಹೇಳಿದ್ದು ನಿಜ ಎಂದಿತು.

ಆದರೆ ನನ್ನನ್ನು ಹೆಚ್ಚು ಕಾಡುವುದು ಒಂದು ವಿಮೆಯ ಕಥೆ, ಸೇವೆಯೊಂದರ ವಿಮರ್ಶೆ. ವಿಮೆಯನ್ನು ಮೂಸಿ ನೋಡಲಾಗದು, ಕಡಿದು ನೋಡಲಾಗದು. ಅದರ ಒರೆಗಲ್ಲು ಅಂಕಿ ಅಂಶ ಮಾತ್ರ. ಅಹಮದಾಬಾದಿನಲ್ಲಿ ಪ್ರೊಫೆಸರ್ ಮನುಭಾಯಿ ಶಾ 1978ರಲ್ಲಿ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಶುರುಮಾಡಿದರು. ಅದೇ ವರ್ಷ ಅವರು ಭಾರತೀಯ ಜೀವವಿಮಾ ನಿಗಮದ ಬಗ್ಗೆ ಒಂದು ಅಧ್ಯಯನ ಬರೆದು ಹಂಚಿದರು. ನಿಗಮ ಪಾಲಿಸಿದಾರರಿಂದ ಬೇಕಾದ್ದಕ್ಕಿಂತ ಹೆಚ್ಚು ಕಂತು ವಸೂಲು ಮಾಡುತ್ತಿದೆ, ಇದು ಅವರಿಗೆ ಮಾಡುವ ವಂಚನೆ ಎಂಬುದು ಸಾರಾಂಶ. ನಿಗಮದ ಅಧಿಕಾರಿಯೊಬ್ಬರು ‘ದಿ ಹಿಂದೂ’ ಪತ್ರಿಕೆಯಲ್ಲಿ ಇದನ್ನು ಅಲ್ಲಗಳೆದರು. ಶಾ ಅದೇ ಪತ್ರಿಕೆಯಲ್ಲಿ ಮರುತ್ತರ ಕೊಟ್ಟರು. ಇಲ್ಲಿಗೆ ಲೆಕ್ಕ ಸರಿಹೋಗಬೇಕಿತ್ತು.

ನಿಗಮಕ್ಕೆ ‘ಯೋಗಕ್ಷೇಮ’ ಎಂಬ ತನ್ನದೇ ಪತ್ರಿಕೆ ಇತ್ತು. ಅದರಲ್ಲಿ ಅಧಿಕಾರಿಯ ಲೇಖನವನ್ನು ಮತ್ತೆ ಅಚ್ಚು ಹಾಕಿದರು. ನನ್ನ ಉತ್ತರವನ್ನೂ ಹಾಕಿ ಎಂದು ಶಾ ಕೇಳಿದರು. ಆಗುವುದಿಲ್ಲ, ಇದು ನಮ್ಮ ಮನೆಯ ಪತ್ರಿಕೆ, ಏನು ಹಾಕಬೇಕೆಂಬುದು ನಮಗೆ ಬಿಟ್ಟದ್ದು ಎಂದರು. ಶಾ ಗುಜರಾತ್ ಹೈಕೋರ್ಟಿಗೆ ಹೋದರು, ಗೆದ್ದರು. ನಿಗಮ ಸುಪ್ರೀಂ ಕೋರ್ಟಿಗೆ ಹೋಯಿತು.

ತೀರ್ಪು ಬಂದದ್ದು 1992ರ ಜುಲೈನಲ್ಲಿ. ಅದರ ಜೊತೆಗೇ ಇನ್ನೊಂದು ಮೊಕದ್ದಮೆಯನ್ನೂ ನ್ಯಾಯಾಲಯ ತೀರ್ಮಾನಿಸಿತು: ಭೋಪಾಲದ ಅನಿಲ ದುರಂತದ ಬಗೆಗಿನ, ರಾಷ್ಟ್ರಪ್ರಶಸ್ತಿ ಪಡೆದ ಸಾಕ್ಷ್ಯಚಿತ್ರವನ್ನು ದೂರದರ್ಶನ ತೋರಿಸಲು ಒಪ್ಪದ ಪ್ರಕರಣ. ವಿಮೆಯ ಕಂತಿನ ಲೆಕ್ಕವೂ ಭೋಪಾಲದ ಸಾವೂ ಒಂದೇ ತೀರ್ಪಿನೊಳಗೆ ಕೂತಿವೆ. ಎರಡರಲ್ಲೂ ಪ್ರಶ್ನೆ ಒಂದೇ. ಜನರ ಹಣದಲ್ಲಿ ನಡೆಯುವ ಮಾಧ್ಯಮ ತನಗೆ ಹಿಡಿಸದ ಮಾತಿಗೆ ಬಾಗಿಲು ಹಾಕಬಹುದೇ? ಹಾಕುವಂತಿಲ್ಲ, ಉತ್ತರ ಕೊಡುವುದೂ ಸಂವಿಧಾನದ 19ನೇ ವಿಧಿ ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ನ್ಯಾಯಮೂರ್ತಿ ಅಹ್ಮದಿ ಬರೆದರು. ಕಂತು ಹೆಚ್ಚಾಯಿತೋ ಇಲ್ಲವೋ ಎಂಬ ಜಗಳವನ್ನು ನ್ಯಾಯಾಲಯ ಬಗೆಹರಿಸಲು ಹೋಗಲಿಲ್ಲ. ಶಾ ಅವರ ಕೆಲವು ಪುಟಗಳು ‘ಯೋಗಕ್ಷೇಮ’ದಲ್ಲಿ ಅಚ್ಚಾಗಬೇಕು ಎಂದಷ್ಟೇ ಹೇಳಿತು. ಆ ಪುಟಗಳಿಗೆ ಅಷ್ಟರಲ್ಲಿ ಹದಿನಾಲ್ಕು ವರ್ಷವಾಗಿತ್ತು.